ಮೈಟರ್ ಚೌಕಗಳ ಸ್ಕಾರ್ಫ್: ಅಂಚಿನಲ್ಲಿ 15 ಇರಬೇಕಾದಲ್ಲಿ 14 ಕೊಂಡಿ ಯಾಕೆ?

ಸೋಮವಾರಪೇಟೆ_ಕಡ್ಡಿ
ನಮಸ್ಕಾರ. ಹುತ್ತರಿ ಹೊತ್ತಿಗೆ ಮುಗಿಯಬೇಕಾದ ಸ್ಕಾರ್ಫ್ ಇದು. 31 ಸ್ಟಿಚ್‌ನ ಮೈಟರ್ ಚೌಕ (ನಡುವೆ ಸ್ಟಿಚ್ ಇಳಿಸುತ್ತಾ ಹೋಗಿ ಮೂಲೆಯಿಂದ ಮೂಲೆಗೆ ಓರೆಗೆರೆ ಬರುವ ಚೌಕ), ಅಗಲಕ್ಕೆ ಮೂರು, ಉದ್ದಕ್ಕೆ 21. ಡಿಕೆ ದಪ್ಪದ ಉಲ್ಲನ್, 8 ನಂಬರ್ ಕಡ್ಡಿ, ಎರಡೂ ಬದಿ ನಿಟ್ (ಸೀದಾ ಹೆಣಿಗೆ) ಹಾಕುವ ಗಾರ್ಟರ್. ಚೌಕಗಳನ್ನು ಬೇರೆ ಬೇರೆ ಹೆಣೆದು ಹೊಲಿಯುವುದಲ್ಲ, ಹಿಂದಿನ ಚೌಕದ ಅಂಚಿನಿಂದಲೇ ಸ್ಟಿಚ್ ಎತ್ತಿಕೊಂಡು ಮುಂದಿನದನ್ನು ಹೆಣೆಯುವುದು. ಪ್ರತಿ ಸಾಲಿನ ಮೊದಲ ಸ್ಟಿಚ್ ಹೆಣೆಯದೆ ಇನ್ನೊಂದು ಕಡ್ಡಿಗೆ ಜಾರಿಸುತ್ತಿದ್ದೇನೆ, ಅದರಿಂದ ಅಂಚಿನಲ್ಲಿ ಕೊಂಡಿಗಳ ಸಾಲು ಬರುತ್ತದೆ.

ಮೂರು ತೊಂದರೆ. ಒಂದು: ಚೌಕದ ಒಂದು ಅಂಚಲ್ಲಿ 15 ಕೊಂಡಿ ಎಣಿಸಲು ಸಿಗುತ್ತದೆ, ಇನ್ನೊಂದರಲ್ಲಿ 14. ಎರಡು: ನಾಲ್ಕು ಚೌಕ ಕೂಡುವ ಜಾಗದಲ್ಲಿ ಕಿರುಬೆರಳು ತೂರುವಷ್ಟು ತೂತು. ಮೂರು: ಚೌಕ ಮೇಜಿನ ಮೇಲೆ ಮಟ್ಟಸವಾಗಿ ಕೂರದೆ ನಡುವೆ ಉಬ್ಬಿ ಬೋರಲು ಹಾಕಿದ ಬಟ್ಟಲಿನ ಹಾಗೆ ಏಳುತ್ತದೆ.

ಎಂಟುನಂಬರ್
ಮೊದಲನೆಯದು ತಪ್ಪಲ್ಲ, ಲೆಕ್ಕವೇ ಹಾಗೆ. ಸಾಲು ಸಾಲಾಗಿ ನೋಡಿ.

31 ಸ್ಟಿಚ್ ಎತ್ತಿಕೊಂಡಿರಿ. ಅದು ಮುಂಬದಿಯ ಸಾಲು. ತಿರುಗಿಸಿ ಹಿಂಬದಿಯಲ್ಲಿ ಒಂದು ಸಾಲು. ಆಮೇಲೆ ಮುಂಬದಿಯಲ್ಲಿ 14 ನಿಟ್, ನಡುವಿನ ಮೂರನ್ನು ಒಂದು ಮಾಡಿ, 14 ನಿಟ್. ಈಗ 29. ಹಿಂಬದಿ ಹಾಗೇ. ಮುಂದಿನ ಸಲ 13, ಮೂರಕ್ಕೆ ಒಂದು, 13. ಹೀಗೆ ಇಳಿಯುತ್ತಾ 27, 25… ಕೊನೆಗೆ ಕಡ್ಡಿಯ ಮೇಲೆ 3 ಉಳಿಯುತ್ತದೆ. ಆ ಮೂರನ್ನು ಒಂದು ಮಾಡಿದರೆ ಚೌಕ ಮುಗಿಯಿತು. ಇಳಿಸುವ ಸಾಲು ಒಟ್ಟು 15.

ಹಿಂಬದಿಯ ಸಾಲು ಎಷ್ಟು? 31ಕ್ಕೆ ಒಂದು, 29ಕ್ಕೆ ಒಂದು, 3ರ ತನಕ. ಅದೂ 15. ಪ್ರತಿ ಹಿಂಬದಿ ಸಾಲಿನ ಆರಂಭದಲ್ಲಿ ಒಂದು ಸ್ಟಿಚ್ ಜಾರಿಸುತ್ತೀರಿ, ಆದ್ದರಿಂದ ಆ ಅಂಚಿಗೆ 15 ಕೊಂಡಿ. ಮುಂಬದಿಯಲ್ಲಿ ಮೊದಲ 14 ಇಳಿಸುವ ಸಾಲಿಗೆ ಮಾತ್ರ ಜಾರಿಸಲು ಸ್ಟಿಚ್ ಇರುತ್ತದೆ. 15ನೆಯದರಲ್ಲಿ ಇರುವುದೇ ಮೂರು, ಮೂರೂ ಇಳಿಸುವುದಕ್ಕೆ ಹೋಯಿತು. ಹಾಗಾಗಿ ಆ ಅಂಚಿಗೆ 14. 21 ಸ್ಟಿಚ್‌ನಲ್ಲಿ ಹೆಣೆದರೂ 41ರಲ್ಲಿ ಹೆಣೆದರೂ ಈ ಒಂದರ ವ್ಯತ್ಯಾಸ ಇದ್ದೇ ಇರುತ್ತದೆ.

ಇದನ್ನು ಸರಿದೂಗಿಸುವುದು ಎರಡು ಕಡೆ, ಎರಡು ರೀತಿ. 14 ಕೊಂಡಿಯ ಅಂಚಿನಿಂದ ಎತ್ತುವಾಗ ಕೆಳಮೂಲೆಯಲ್ಲಿ, ಹಾಕಿಕೊಂಡ (ಶುರುವಿನಲ್ಲಿ ಕಡ್ಡಿಗೆ ಏರಿಸಿದ) ಸ್ಟಿಚ್‌ಗಳ ತುದಿಯ ಗಂಟಿನಲ್ಲಿ ಮೊದಲ ಸ್ಟಿಚ್ ಎತ್ತಿ. ಅದರ ಮೇಲೆ 14 ಕೊಂಡಿ, ಒಟ್ಟು 15. 15 ಕೊಂಡಿಯ ಅಂಚಿನಿಂದ ಎತ್ತುವಾಗ ಹಿಂದಿನ ಚೌಕದ ಉಳಿದ ಒಂದು ಸ್ಟಿಚ್ ಕಡ್ಡಿಯ ಮೇಲೆ ಜೀವಂತ ಇರುತ್ತದಲ್ಲ, ಅದನ್ನೇ ಮೊದಲನೆಯದೆಂದು ಎಣಿಸಿ, ಅದಕ್ಕೆ ಅಂಟಿಕೊಂಡ ಬಿಗಿ ಕೊಂಡಿಯನ್ನು ಬಿಟ್ಟು, ಮಿಕ್ಕ 14ರಿಂದ 14 ಎತ್ತಿ. ಅಲ್ಲೂ 15. ಒಂದು ಉಬ್ಬುಗೆರೆಗೆ ಒಂದು ಸ್ಟಿಚ್ ಅನ್ನುವುದು ತಪ್ಪಬಾರದು. ಗಾರ್ಟರ್‌ನಲ್ಲಿ ಎರಡು ಸಾಲು ಕೂಡಿ ಒಂದು ಉಬ್ಬುಗೆರೆ, ಅದರ ಎತ್ತರ ಹೆಚ್ಚುಕಡಿಮೆ ಒಂದು ಸ್ಟಿಚ್‌ನ ಅಗಲದಷ್ಟೇ. ಹಾಗಿದ್ದಕ್ಕೇ ಈ ಚೌಕ ಚೌಕವಾಗುವುದು. ಸ್ಟಾಕಿನೆಟ್‌ನಲ್ಲಿ (ಒಂದು ಸಾಲು ನಿಟ್, ಒಂದು ಸಾಲು ಪರ್ಲ್ ಅಂದರೆ ಉಲ್ಟಾ ಹೆಣಿಗೆ) ಇದೇ ಲೆಕ್ಕ ಹಿಡಿದರೆ ಚೌಕ ಆಗುವುದಿಲ್ಲ.

ಕಾಫಿಹೂ
ಬಟ್ಟಲಿನ ವಿಷಯಕ್ಕೆ: ಮೊದಲ ಚೌಕವೇ ಏಳುತ್ತಿದೆಯಾ, ಅಥವಾ ಎತ್ತಿಕೊಂಡು ಹೆಣೆದವು ಮಾತ್ರವಾ? ಎರಡಕ್ಕೂ ಕಾರಣ ಬೇರೆ.

ಸೋಮವಾರಪೇಟೆ_ಕಡ್ಡಿ
ಮೊದಲ ಚೌಕವೇ ಅಕ್ಕ. ಎತ್ತಿಕೊಂಡವು ಸ್ವಲ್ಪ ವಾಸಿ.

ಕಾಫಿಹೂ
ಹಾಗಾದರೆ ಹಾಕಿಕೊಂಡ ಸ್ಟಿಚ್ ಬಿಗಿ. ಮೈಟರ್ ಚೌಕದಲ್ಲಿ ಹಾಕಿಕೊಂಡ ಸಾಲು ಒಂದೇ ಅಂಚಲ್ಲ, ಎರಡು ಅಂಚು. ನಡುವೆ ಮಡಿಸಿ ಎಲ್ ಆಕಾರಕ್ಕೆ ಬರುತ್ತದೆ. ಆ ಎರಡು ಅಂಚು 6.5 ಸೆಂ.ಮೀ. ಇದ್ದು, ಒಳಗಿನ ಹೆಣಿಗೆ 7 ಸೆಂ.ಮೀ. ಆಗಲು ಹೊರಟರೆ ಮಿಕ್ಕ ಅರ್ಧ ಸೆಂಟಿಮೀಟರ್ ಎಲ್ಲಿ ಹೋಗಬೇಕು? ಮೇಲಕ್ಕೆ ಏಳುತ್ತದೆ.

ಹಾಕಿಕೊಳ್ಳುವಾಗ ಮಾತ್ರ 7 ನಂಬರ್ ಕಡ್ಡಿ (4.5 ಮಿ.ಮೀ.) ಬಳಸಿ, ಹೆಣೆಯಲು 8ಕ್ಕೆ ಬನ್ನಿ. ಎರಡು ಕಡ್ಡಿ ಜೋಡಿಸಿ ಅದರ ಮೇಲೆ ಹಾಕಿಕೊಳ್ಳುವ ಅಭ್ಯಾಸ ಕೆಲವರಿಗಿದೆ, ಅದು ಬೇಡ. ಅದರಿಂದ ಕುಣಿಕೆ ಎತ್ತರವಾಗುತ್ತದೆಯೇ ಹೊರತು ಕುಣಿಕೆ ಕುಣಿಕೆಯ ನಡುವಿನ ಅಂತರ ಹೆಚ್ಚುವುದಿಲ್ಲ. ಬಿಗಿ ಇರುವುದು ಆ ಅಂತರದಲ್ಲಿ. ಪ್ರತಿ ಸ್ಟಿಚ್ ಹಾಕಿದ ಮೇಲೆ ಬಲಗೈ ತೋರುಬೆರಳಿನ ತುದಿಯನ್ನು ಅದರ ಪಕ್ಕ ಇಟ್ಟು ಮುಂದಿನದು ಹಾಕಿ, ಅಂತರ ತಾನಾಗಿ ಬರುತ್ತದೆ.

ಉಂಡೆದಾರ
ಕಡ್ಡಿ ನಂಬರ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಇದರಲ್ಲಿ ಎಡವುವವರು ಬಹಳ. ನಮ್ಮ ಅಂಗಡಿಗಳಲ್ಲಿ ಸಿಗುವ ಕಡ್ಡಿಗೆ ಹಳೆಯ ಬ್ರಿಟಿಷ್ ನಂಬರ್. ನಂಬರ್ ಹೆಚ್ಚಿದಷ್ಟೂ ಕಡ್ಡಿ ಸಣ್ಣ. 8 ಅಂದರೆ 4 ಮಿ.ಮೀ., 10 ಅಂದರೆ 3.25, 11 ಅಂದರೆ 3, 6 ಅಂದರೆ 5. ಅಮೆರಿಕದ ನಂಬರ್ ಇದಕ್ಕೆ ಪೂರ್ತಿ ತಿರುವುಮುರುವು: ಅಲ್ಲಿನ 6 ಅಂದರೆ 4 ಮಿ.ಮೀ., ಅಲ್ಲಿನ 8 ಅಂದರೆ 5. ನೆಟ್‌ನಲ್ಲಿ ಸಿಕ್ಕ ಪ್ಯಾಟರ್ನ್‌ನಲ್ಲಿ 6 ಅಂತ ಇದ್ದರೆ ಅಂಗಡಿಯಲ್ಲಿ 8 ಕೇಳಬೇಕು, 8 ಅಂತ ಇದ್ದರೆ 6 ಕೇಳಬೇಕು. ನಂಬರ್ ನಂಬಲೇಬೇಡಿ, ಮಿಲಿಮೀಟರ್ ನೋಡಿ.

ಅಂದಹಾಗೆ ಪ್ಯಾಟರ್ನ್ ಹುಡುಕುವವರಿಗೆ, ಇದೇ ಕೆಲಸಕ್ಕೆ ಡಾಮಿನೊ ನಿಟಿಂಗ್ ಅನ್ನುವ ಹೆಸರೂ ಇದೆ.

ಗೋಣಿಕೊಪ್ಪ_ಬುಟ್ಟಿ
ತೂತಿನ ಬಗ್ಗೆ ಯಾರೂ ಹೇಳಲಿಲ್ಲ. ಸೋಮವಾರಪೇಟೆಯವರೇ, ನಡುವಿನ ಸ್ಟಿಚ್ ಎಲ್ಲಿಂದ ಎತ್ತುತ್ತಿದ್ದೀರಿ?

ಸೋಮವಾರಪೇಟೆ_ಕಡ್ಡಿ
ಎರಡು ಚೌಕದ ನಡುವಿನ ಸಂದಿಯಿಂದ. ಅಲ್ಲಿ ಜಾಗ ಇದೆಯಲ್ಲ ಅಂತ.

ಗೋಣಿಕೊಪ್ಪ_ಬುಟ್ಟಿ
ತೂತು ಬಂದದ್ದು ಅದಕ್ಕೇ. ಸಂದಿಯಲ್ಲಿ ಕಡ್ಡಿ ತೂರಿಸಿ ದಾರ ಎಳೆದರೆ ಅಲ್ಲಿ ಹಿಡಿಯಲು ಏನೂ ಇಲ್ಲ, ಮೊದಲೇ ಇದ್ದ ಸಂದಿ ಇನ್ನಷ್ಟು ಅಗಲ ಆಗುತ್ತದೆ.

ನಾಲ್ಕು ಚೌಕ ಹೀಗಿವೆ ಅಂದುಕೊಳ್ಳಿ: ಕೆಳಗೆ ಎಡಕ್ಕೆ ‘ಅ’, ಅದರ ಬಲಕ್ಕೆ ‘ಆ’. ‘ಅ’ ಮೇಲೆ ‘ಇ’, ‘ಆ’ ಮೇಲೆ ‘ಈ’. ಪ್ರತಿ ಚೌಕ ಶುರುವಾಗುವುದು ಕೆಳಗಿನ ಎಡಮೂಲೆಯಲ್ಲಿ, ಮುಗಿಯುವುದು ಮೇಲಿನ ಬಲಮೂಲೆಯಲ್ಲಿ. ಅಂದರೆ ಎಡ ಮತ್ತು ಕೆಳ ಅಂಚು ಹಾಕಿಕೊಂಡವು ಅಥವಾ ಎತ್ತಿಕೊಂಡವು, ಬಲ ಮತ್ತು ಮೇಲಿನ ಅಂಚು ಕೊಂಡಿ ಇರುವವು. 14 ಕೊಂಡಿ ಬಲಕ್ಕೆ, 15 ಮೇಲಕ್ಕೆ. ಇಷ್ಟು ಮನಸ್ಸಲ್ಲಿ ಕೂತರೆ ಮಿಕ್ಕದ್ದು ಸುಲಭ.

ಈಗ ‘ಈ’ ಚೌಕಕ್ಕೆ ಬರೋಣ. ಮುಂಬದಿ ನಿಮ್ಮ ಕಡೆ ಇರಲಿ. ಮೊದಲು ‘ಆ’ ಚೌಕದ ಮೇಲಂಚಿನಲ್ಲಿ ಬಲದಿಂದ ಎಡಕ್ಕೆ 15. ಆಮೇಲೆ ನಡುವಿನದು ಒಂದು. ಆಮೇಲೆ ‘ಇ’ ಚೌಕದ ಬಲ ಅಂಚಿನಲ್ಲಿ ಕೆಳಗಿನಿಂದ ಮೇಲಕ್ಕೆ 15. ಒಟ್ಟು 31. ನಡುವಿನದು ಸಂದಿಯಿಂದ ಅಲ್ಲ, ‘ಅ’ ಚೌಕ ಮುಗಿದ ಕೊನೇ ಸ್ಟಿಚ್‌ನ ಬುಡದಿಂದ. ನಾಲ್ಕೂ ಚೌಕ ಕೂಡುವ ಬಿಂದುವಿನಲ್ಲಿ ಕೂತಿರುವ ಗಟ್ಟಿ ಜಾಗ ಅದೊಂದೇ. ಮೂರು ಸ್ಟಿಚ್ ಒಂದಾದ ಜಾಗ, ಸಣ್ಣ ಗಂಟಿನಂತೆ ಬೆರಳಿಗೆ ತಾಗುತ್ತದೆ. ಅದರ ಎರಡೂ ಎಳೆ ಹಿಡಿದು ಕಡ್ಡಿ ತೂರಿಸಿ. ಕಡ್ಡಿ ಹೋಗದಿದ್ದರೆ 3 ಮಿ.ಮೀ. ಕ್ರೋಶಾ ಕಡ್ಡಿಯಿಂದ ದಾರ ಎಳೆದು ಹೆಣಿಗೆ ಕಡ್ಡಿಗೆ ಏರಿಸಿ.

ಹೀಗೆ ಮಾಡಿದರೆ ‘ಅ’ ಚೌಕದ ಓರೆಗೆರೆ ಎಲ್ಲಿ ನಿಂತಿತೋ ಅಲ್ಲಿಂದಲೇ ‘ಈ’ ಚೌಕದ ಓರೆಗೆರೆ ಹುಟ್ಟುತ್ತದೆ. ಸ್ಕಾರ್ಫ್ ಮೇಲೆ ಚೌಕದಿಂದ ಚೌಕಕ್ಕೆ ಗೆರೆ ತುಂಡಾಗದೆ ಹರಿಯುವುದು ಈ ಕಾರಣಕ್ಕೆ.

ಎಂಟುನಂಬರ್
ಇದಕ್ಕೆ ಸೇರಿಸಬೇಕಾದ್ದು ಹೆಣೆಯುವ ಕ್ರಮ. ಅಡ್ಡಸಾಲು ಅಡ್ಡಸಾಲಾಗಿ ಹೆಣೆಯಬೇಡಿ, ಕಂಬ ಕಂಬವಾಗಿ ಹೆಣೆಯಿರಿ. ಎಡಗಡೆಯ ಕಂಬದ 21 ಚೌಕವನ್ನೂ ಮೊದಲು ಮುಗಿಸಿ. ಚೌಕ ಮುಗಿಯುವುದು ಮೇಲಿನ ಬಲಮೂಲೆಯಲ್ಲಿ, ಅದರ ಮೇಲಿನ ಚೌಕ ಎತ್ತಲು ಶುರುಮಾಡುವುದೂ ಅದೇ ಮೂಲೆಯಲ್ಲಿ. ಹಾಗಾಗಿ ಉಳಿದ ಒಂದು ಸ್ಟಿಚ್ ಮುಂದಿನ ಚೌಕದ ಮೊದಲ ಸ್ಟಿಚ್ ಆಗುತ್ತದೆ, ಬಣ್ಣ ಬದಲಿಲ್ಲದಿದ್ದರೆ ದಾರ ಕತ್ತರಿಸುವ ಕೆಲಸವೇ ಇಲ್ಲ. ಅಡ್ಡಕ್ಕೆ ಹೋದರೆ ಪ್ರತಿ ಚೌಕಕ್ಕೂ ಕತ್ತರಿಸಬೇಕು. 63 ಚೌಕ, ಒಂದಕ್ಕೆ ಎರಡು ಬಾಲ, 126 ಬಾಲ ಸೂಜಿಯಲ್ಲಿ ಮರೆಮಾಡುತ್ತಾ ಕೂರಬೇಕಾಗುತ್ತದೆ.

ಎಡ ಕಂಬದಲ್ಲಿ ಎರಡನೇ ಚೌಕದಿಂದ ಮುಂದೆ: ಕೆಳಗಿನ ಚೌಕದ ಮೇಲಂಚಿನಿಂದ 15 ಎತ್ತಿದ ಮೇಲೆ ನಡುವಿನ ಒಂದು ಮತ್ತು ಎಡ ಅಂಚಿಗೆ 15 ಹೊಸದಾಗಿ ಬೇಕು. ನಡುವಿನದನ್ನು ಮೂಲೆಯ ಗಂಟಿನಿಂದ ಎತ್ತಿ. ಮಿಕ್ಕ 15ನ್ನು ಹೆಬ್ಬೆರಳಿಗೆ ದಾರ ಸುತ್ತಿ ಕುಣಿಕೆ ಏರಿಸುವ ಸುಲಭದ ರೀತಿಯಲ್ಲಿ ಹಾಕಬೇಡಿ. ಮೊದಲ ಸಾಲು ಹೆಣೆಯುವಾಗ ಅದು ಜೋಲುತ್ತದೆ, ಸ್ಕಾರ್ಫ್‌ನ ಹೊರ ಅಂಚು ಅಲೆಅಲೆ ಆಗುತ್ತದೆ. ಹೆಣಿಗೆ ತಿರುಗಿಸಿ, ಎರಡು ಸ್ಟಿಚ್‌ನ ನಡುವೆ ಕಡ್ಡಿ ತೂರಿಸಿ ದಾರ ಎಳೆದು ಎಡಗಡ್ಡಿಗೆ ಏರಿಸುವ ಕೇಬಲ್ ರೀತಿಯಲ್ಲಿ 15 ಹಾಕಿ, ಅಲ್ಲಿಂದಲೇ ಹಿಂಬದಿ ಸಾಲು ಶುರುಮಾಡಿ.

ಎರಡನೇ, ಮೂರನೇ ಕಂಬದ ಅತಿ ಕೆಳಗಿನ ಚೌಕಕ್ಕೆ ಮಾತ್ರ ಕ್ರಮ ಉಲ್ಟಾ. ಮೊದಲು 16 ಹಾಕಿಕೊಂಡು (ಕೆಳ ಅಂಚು 15, ನಡುವಿನದು 1) ಆಮೇಲೆ ಪಕ್ಕದ ಚೌಕದ ಬಲ ಅಂಚಿನಿಂದ 15 ಎತ್ತಿಕೊಳ್ಳುವುದು.

ಮಳೆನಾಡ_ಮಫ್ಲರ್
ನನ್ನ ಅಭಿಪ್ರಾಯ ಬೇರೆ. ಕಂಬ ಕಂಬವಾಗಿ ಹೋದರೆ ಒಂದೂವರೆ ಮೀಟರ್ ಉದ್ದದ ಪಟ್ಟಿ ಮಡಿಲಲ್ಲಿ ಬಿದ್ದಿರುತ್ತದೆ, ಪ್ರತಿ ಸಾಲಿಗೂ ಅದನ್ನು ತಿರುಗಿಸಬೇಕು. ಎರಡನೇ ಕಂಬ ಹೆಣೆಯುವಾಗ ಅದರ ಭಾರಕ್ಕೆ ಎತ್ತಿದ ಜಾಗ ಜಗ್ಗುತ್ತದೆ. ಬಿಡಿ ಚೌಕ ಹೆಣೆದು ಡಬ್ಬಿಯಲ್ಲಿ ತುಂಬಿಟ್ಟು, ಕೊನೆಗೆ ಮ್ಯಾಟ್ರೆಸ್ ಹೊಲಿಗೆಯಲ್ಲಿ ಕೂಡಿಸಿದರೆ ಏನು ತಪ್ಪು? ಬಣ್ಣ ಹೇಗೆ ಬೇಕೋ ಹಾಗೆ ಹರಡಿ ನೋಡಿ ಜೋಡಿಸಬಹುದು. ಬಸ್ಸಿನಲ್ಲೂ ಹೆಣೆಯಬಹುದು.

ಕಾಫಿಹೂ
ತಪ್ಪೇನಿಲ್ಲ, ಹೊಲಿಗೆ ಲೆಕ್ಕ ಮಾಡಿ ನೋಡಿ ಅಷ್ಟೆ. ಅಗಲಕ್ಕೆ 3, ಉದ್ದಕ್ಕೆ 21 ಅಂದರೆ ಕಂಬಗಳ ನಡುವೆ 42 ಜೋಡಣೆ, ಮೇಲೆ ಕೆಳಗಿನ ಚೌಕಗಳ ನಡುವೆ 60. ಒಟ್ಟು 102 ಜೋಡಣೆ, ಒಂದೊಂದೂ 7 ಸೆಂ.ಮೀ. ಏಳು ಮೀಟರಿಗೂ ಮೀರಿದ ಹೊಲಿಗೆ. ಅದೂ ಹಾಕಿಕೊಂಡ ಅಂಚಿಗೆ ಕೊಂಡಿ ಅಂಚು ಕೂಡಿಸುವುದು, ಎರಡರ ಹಿಗ್ಗು ಬೇರೆ ಬೇರೆ. ಹೊಲಿಗೆ ಬಿಗಿಯಾದರೆ ಸ್ಕಾರ್ಫ್ ಉದ್ದಕ್ಕೆ ಎಳೆದಾಗ ದಾರ ಪಟ್ ಅನ್ನುತ್ತದೆ.

ಹೊದಿಕೆಗೆ ಬಿಡಿ ಚೌಕ ಸರಿ. ಸ್ಕಾರ್ಫ್‌ಗೆ ಎತ್ತಿಕೊಂಡು ಹೆಣೆಯುವುದೇ ಮೇಲು. ಭಾರದ ತೊಂದರೆಗೆ ಮದ್ದು ಇದೆ: ಉದ್ದ ಕಡ್ಡಿ ಬಿಟ್ಟು 20 ಸೆಂ.ಮೀ.ನ ಎರಡು ತುದಿ ಚೂಪಿರುವ ಮೋಜಾ ಕಡ್ಡಿ ಎರಡು ತೆಗೆದುಕೊಳ್ಳಿ, 31 ಸ್ಟಿಚ್‌ಗೆ ಅದು ಧಾರಾಳ. ಮುಗಿದ ಭಾಗವನ್ನು ಸುರುಳಿ ಸುತ್ತಿ ಎರಡು ಪಿನ್ನು ಹಾಕಿ, ಮಡಿಲಲ್ಲಿ ಅಲ್ಲ, ಮೇಜಿನ ಮೇಲೆ ಇಡಿ. ಹೆಣಿಗೆಯ ಭಾರ ಮೇಜು ಹೊರಬೇಕು, ಕಡ್ಡಿ ಅಲ್ಲ.

ಸೋಮವಾರಪೇಟೆ_ಕಡ್ಡಿ
ಎತ್ತುವಾಗ ಕೊಂಡಿಯ ಎರಡೂ ಎಳೆ ಹಿಡಿಯಬೇಕಾ, ಒಂದೇ ಸಾಕಾ? ವೀಡಿಯೊಗಳಲ್ಲಿ ಎರಡೂ ಥರ ತೋರಿಸುತ್ತಾರೆ.

ಗೋಣಿಕೊಪ್ಪ_ಬುಟ್ಟಿ
ಎರಡೂ ಹಿಡಿದರೆ ಜೋಡಣೆ ಗಟ್ಟಿ, ಹಿಂಬದಿಯಲ್ಲಿ ದಪ್ಪ ಗೆರೆ ಏಳುತ್ತದೆ. ಆಚೆಯ ಎಳೆ ಒಂದನ್ನೇ ಹಿಡಿದರೆ ತೆಳುವಾಗಿ ಮಟ್ಟಸ ಬರುತ್ತದೆ, ಮುಂಬದಿಯಲ್ಲಿ ಈಚೆಯ ಎಳೆ ಕಸೂತಿಯಂತೆ ಸಾಲಾಗಿ ಕಾಣುತ್ತದೆ, ಆದರೆ ಜಗ್ಗಿದರೆ ಬಾಯಿ ಬಿಡುತ್ತದೆ.

ಸ್ಕಾರ್ಫ್ ಎರಡೂ ಬದಿ ಕಾಣುವ ವಸ್ತು ಅಂತ ಎಲ್ಲ ಕಡೆ ಒಂದೇ ಎಳೆ ಹಿಡಿಯುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಎಳೆತ ಬೀಳುವುದು ಎಲ್ಲಿ ಅಂತ ನೋಡಿ. ಕುತ್ತಿಗೆಗೆ ಸುತ್ತಿದಾಗ ಸ್ಕಾರ್ಫ್ ಜಗ್ಗುವುದು ಉದ್ದಕ್ಕೆ. ಆ ಎಳೆತ ಹೊರುವುದು ಅಡ್ಡ ಜೋಡಣೆಗಳು, ಅಂದರೆ ಕೆಳಚೌಕದ ಮೇಲಂಚಿನಿಂದ ಎತ್ತಿದವು. ಅಲ್ಲಿ ಎರಡೂ ಎಳೆ ಹಿಡಿಯಿರಿ. ಕಂಬ ಕಂಬದ ನಡುವಿನ ಉದ್ದ ಜೋಡಣೆಗೆ ಅಷ್ಟು ಎಳೆತ ಇಲ್ಲ, ಅಲ್ಲಿ ಒಂದು ಎಳೆ ಸಾಕು. ಸ್ಕಾರ್ಫ್ ಮಡಚಿದಾಗ ಮಡಿಕೆ ಬೀಳುವುದೂ ಅಲ್ಲೇ, ತೆಳುವಿದ್ದಷ್ಟೂ ಚೆನ್ನ.

ಎಂಟುನಂಬರ್
ಇದು ನನಗೆ ಹೊಳೆದಿರಲಿಲ್ಲ. ಸರಿಯಾದ ಮಾತು.

ಉಂಡೆದಾರ
ಮೂರನ್ನು ಒಂದು ಮಾಡುವ ರೀತಿ ಬಗ್ಗೆ ಒಂದು ಮಾತು, ಓರೆಗೆರೆ ಕೆಡುವುದು ಅಲ್ಲೇ. ಮೂರು ದಾರಿ ಇವೆ. ಮೂರನ್ನೂ ಒಟ್ಟಿಗೆ ನಿಟ್ ಮಾಡಿದರೆ ಬಲಕ್ಕೆ ವಾಲುತ್ತದೆ. ಒಂದು ಜಾರಿಸಿ, ಎರಡನ್ನು ಒಟ್ಟಿಗೆ ನಿಟ್ ಮಾಡಿ, ಜಾರಿಸಿದ್ದನ್ನು ಮೇಲಿಂದ ದಾಟಿಸಿದರೆ ಎಡಕ್ಕೆ ವಾಲುತ್ತದೆ. ನಮಗೆ ಬೇಕಾದದ್ದು ಮೂರನೆಯದು: ಎರಡು ಸ್ಟಿಚ್‌ಗೆ ಒಟ್ಟಿಗೇ, ನಿಟ್ ಮಾಡುವ ದಿಕ್ಕಿನಲ್ಲೇ ಕಡ್ಡಿ ತೂರಿಸಿ ಹೆಣೆಯದೆ ಬಲಗಡ್ಡಿಗೆ ಜಾರಿಸಿ, ಮುಂದಿನ ಒಂದನ್ನು ನಿಟ್ ಮಾಡಿ, ಜಾರಿಸಿದ ಎರಡನ್ನೂ ಅದರ ಮೇಲಿಂದ ದಾಟಿಸಿ. ನಡುವಿನ ಸ್ಟಿಚ್ ಮೇಲೆ ಬಂದು ಎರಡೂ ಕಡೆಯವು ಅದರ ಕೆಳಗೆ ಹೋಗುತ್ತವೆ.

ಎರಡನ್ನು ಒಂದೊಂದಾಗಿ ಜಾರಿಸಿದರೆ ನಡುವಿನದು ಮೇಲೆ ಬರುವುದಿಲ್ಲ. ಒಟ್ಟಿಗೇ ಜಾರಿಸಬೇಕು, ಗುಟ್ಟು ಅದೊಂದೇ.

ಹಿಂಬದಿ ಸಾಲಿನಲ್ಲಿ ಎಲ್ಲ ನಿಟ್, ನಡುವಿನ ಒಂದು ಮಾತ್ರ ಪರ್ಲ್. ಪರ್ಲ್ ಮರೆತರೆ ಮುಂಬದಿಯ ಓರೆಗೆರೆಯಲ್ಲಿ ಅಲ್ಲಲ್ಲಿ ಅಡ್ಡ ಗಂಟು ಕಾಣುತ್ತದೆ, ಜಡೆಯ ನಡುವೆ ಕೂದಲು ಸಿಕ್ಕಿಕೊಂಡ ಹಾಗೆ.

ಗುರುತಿಗೆ ಕಡ್ಡಿಯ ಮೇಲೆ ಉಂಗುರ ಹಾಕಬೇಡಿ. ಇಳಿಸುವ ಸಾಲಿನಲ್ಲಿ ಅದು ಪ್ರತಿ ಸಲ ಅಡ್ಡ ಬರುತ್ತದೆ, ತೆಗೆದು ಹಾಕುವಾಗ ಒಂದು ಸ್ಟಿಚ್ ಆಚೀಚೆ ಆದರೆ ಗೆರೆ ಸೊಟ್ಟ. ನಡುವಿನ ಸ್ಟಿಚ್‌ಗೇ ಪಿನ್ನು ಚುಚ್ಚಿ, ನಾಲ್ಕೈದು ಸಾಲಿಗೊಮ್ಮೆ ಮೇಲಕ್ಕೆ ಸರಿಸಿ. ಅನುಮಾನ ಬಂದಾಗ ಪಿನ್ನಿನ ಎಡಬಲ ಎಣಿಸಿ: ಎರಡೂ ಕಡೆ ಸಮ ಇರಬೇಕು. ಸಮ ಇಲ್ಲದಿದ್ದರೆ ಬಿಚ್ಚಿ, ಮುಂದೆ ಸರಿಮಾಡುತ್ತೇನೆ ಅಂದರೆ ಆಗುವುದಿಲ್ಲ.

ಮಳೆನಾಡ_ಮಫ್ಲರ್
ದಾರ ಎಷ್ಟು ಬೇಕು ಅಂತ ಲೆಕ್ಕ ಹಾಕಿದ್ದೀರಾ? ಅರ್ಧದಲ್ಲಿ ಮುಗಿದರೆ ಅದೇ ಬಣ್ಣದ ಅದೇ ಲಾಟ್ (ಒಟ್ಟಿಗೆ ಬಣ್ಣ ಹಾಕಿದ ಕಂತು) ಸಿಗುವುದಿಲ್ಲ.

ಎಂಟುನಂಬರ್
31ರ ಚೌಕದಲ್ಲಿ ಎತ್ತಿದ ಸಾಲೂ ಸೇರಿ ಒಟ್ಟು 511 ಸ್ಟಿಚ್. (3ರಿಂದ 31ರ ತನಕದ ಬೆಸ ಸಂಖ್ಯೆ ಕೂಡಿದರೆ 255, ಪ್ರತಿಯೊಂದೂ ಎರಡು ಸಾಲು, ಕೊನೆಗೆ ಒಂದು.) 63 ಚೌಕಕ್ಕೆ 32,193. ಇದನ್ನು ಮನೆಯಲ್ಲಿ ಯಾರಿಗೂ ಹೇಳಬೇಡಿ.

ಡಿಕೆ ದಾರ, 4 ಮಿ.ಮೀ. ಕಡ್ಡಿ, 10 ಸೆಂ.ಮೀ.ಗೆ 21 ಸ್ಟಿಚ್ ಬರುತ್ತಿದ್ದರೆ ಚೌಕ 7 ಸೆಂ.ಮೀ.ಗೆ ಕೊಂಚ ಮೇಲೆ. ಸ್ಕಾರ್ಫ್ ಸುಮಾರು 21 ಸೆಂ.ಮೀ. ಅಗಲ, 150 ಸೆಂ.ಮೀ. ಉದ್ದ. ಒಂದು ಚೌಕಕ್ಕೆ ದಾರದ ಮೇಲೆ ಹೊಂದಿಕೊಂಡು 3ರಿಂದ 4 ಗ್ರಾಂ. ಆದರೆ ನನ್ನ ಅಂಕಿ ನಂಬಿ ಕೊಳ್ಳಬೇಡಿ. ಐದು ಚೌಕ ಹೆಣೆಯುವ ಮೊದಲು ಉಂಡೆ ತೂಗಿ, ಹೆಣೆದ ಮೇಲೆ ತೂಗಿ, ವ್ಯತ್ಯಾಸ ಐದರಿಂದ ಭಾಗಿಸಿ 63ರಿಂದ ಗುಣಿಸಿ. ಒಂದೇ ಚೌಕ ತೂಗಿದರೆ ಅಡುಗೆಮನೆ ತಕ್ಕಡಿ ಒಂದು ಗ್ರಾಂ ಆಚೀಚೆ ತೋರಿಸಿದರೂ ಲೆಕ್ಕ 63 ಗ್ರಾಂ ತಪ್ಪುತ್ತದೆ. ಚೌಕಕ್ಕೆ 3.5 ಗ್ರಾಂ ಬಂದರೆ 220 ಗ್ರಾಂ, ಅಂಚುಪಟ್ಟಿಗೂ ಬಾಲಕ್ಕೂ ಸೇರಿ 250 ಗ್ರಾಂ ಒಂದೇ ಸಲ ತೆಗೆದುಕೊಳ್ಳಿ.

ಕಾಫಿಹೂ
ತೂಕದ ವಿಷಯದಲ್ಲಿ ನಮ್ಮ ಊರಿನವರು ಇನ್ನೊಂದು ನೆನಪಿಡಬೇಕು. ಕುರಿ ಉಣ್ಣೆ ಗಾಳಿಯ ತೇವ ಕುಡಿಯುತ್ತದೆ. ಮುಟ್ಟಿದರೆ ಒದ್ದೆ ಅನ್ನಿಸದೆಯೇ ತನ್ನ ತೂಕದ ಕಾಲು ಭಾಗಕ್ಕೂ ಹೆಚ್ಚು ನೀರು ಹಿಡಿಯಬಲ್ಲದು. ಕಕ್ಕಡದ ಮಳೆಯಲ್ಲಿ ಮಡಿಕೇರಿಯಲ್ಲಿ ತೂಗಿದ ಉಂಡೆ ಜನವರಿ ಬಿಸಿಲಲ್ಲಿ ಅಷ್ಟೇ ತೂಗುವುದಿಲ್ಲ. ಆದ್ದರಿಂದ ಎರಡೂ ತೂಕ ಒಂದೇ ದಿನ, ಒಂದೇ ಕೋಣೆಯಲ್ಲಿ. ಅಕ್ರಿಲಿಕ್‌ಗೆ ಈ ತಲೆನೋವಿಲ್ಲ.

ಮತ್ತೆ ಉಣ್ಣೆ, ಅಕ್ರಿಲಿಕ್ ಎರಡನ್ನೂ ಒಂದೇ ಸ್ಕಾರ್ಫ್‌ನಲ್ಲಿ ಬೆರೆಸಬೇಡಿ. ಮಿಕ್ಕಿದ ಉಂಡೆ ಮುಗಿಸಲು ಇದೇ ಒಳ್ಳೆ ಅವಕಾಶ ಅಂತ ಎಲ್ಲರೂ ಬೆರೆಸುತ್ತಾರೆ. ಒಗೆದಾಗ ಉಣ್ಣೆ ಚೌಕ ಒಂದು ರೀತಿ ಸಡಿಲುತ್ತದೆ, ಅಕ್ರಿಲಿಕ್ ಚೌಕ ಇದ್ದಲ್ಲೇ ಇರುತ್ತದೆ. ಬಿಸಿನೀರು ತಾಗಿದರೆ ಉಣ್ಣೆ ಗಿಡ್ಡವಾಗಿ ಗಟ್ಟಿಯಾಗುತ್ತದೆ. ಎರಡರಲ್ಲೂ ನಡುವಿನ ಜೋಡಣೆ ಸುಕ್ಕು.

ಸೋಮವಾರಪೇಟೆ_ಕಡ್ಡಿ
ನನ್ನದು ಪೂರ್ತಿ ಉಣ್ಣೆ. ಕಪ್ಪು, ಕೆಂಪು, ಮಾಸಲು ಹಳದಿ. ಕೊಡವ ಗಂಡಸರ ಉಡುಪಾದ ಕುಪ್ಯ ಚೇಲೆ ಬಣ್ಣಕ್ಕೆ ಹತ್ತಿರ ಇರಲಿ ಅಂತ. ಬಣ್ಣ ಬದಲಿಸುವಾಗ ಚುಕ್ಕೆ ಚುಕ್ಕೆ ಕಾಣುತ್ತದೆ, ಅದು ಯಾಕೆ?

ಉಂಡೆದಾರ
ಹಿಂಬದಿ ಸಾಲಿನಲ್ಲಿ ಬಣ್ಣ ಬದಲಿಸಿದ್ದೀರಿ. ಹೊಸ ಬಣ್ಣ ಯಾವಾಗಲೂ ಮುಂಬದಿ ಸಾಲಿನಲ್ಲಿ ಶುರುವಾಗಬೇಕು. ಆಗ ಎರಡು ಬಣ್ಣ ಬೆರೆತ ಚುಕ್ಕೆಗಳು ಹಿಂಬದಿಗೆ ಹೋಗುತ್ತವೆ, ಮುಂಬದಿಯಲ್ಲಿ ಗೆರೆ ಚೊಕ್ಕ. ಚೌಕದ ಶುರುವಿನಲ್ಲೇ ಬಣ್ಣ ಬದಲಿಸುವುದಾದರೆ ಹೊಸ ಬಣ್ಣದಲ್ಲೇ ಎತ್ತಿಕೊಳ್ಳಿ, ಹಳೆಯ ಜೀವಂತ ಸ್ಟಿಚ್ ಅನ್ನು ಹೊಸ ದಾರದಲ್ಲಿ ಒಮ್ಮೆ ಹೆಣೆದುಬಿಡಿ.

ಚೌಕದ ಒಳಗೇ ಪಟ್ಟೆ ಬೇಕಾದರೆ ಬಿಟ್ಟ ದಾರವನ್ನು ಅಂಚಿನಲ್ಲಿ ಮೇಲಕ್ಕೆ ಒಯ್ಯುವ ಆಸೆ ಬರುತ್ತದೆ. ಅದು ಬಲ ಅಂಚು, ಮುಂದೆ ಅಲ್ಲಿಂದಲೇ ಎತ್ತಬೇಕು. ಒಯ್ದ ದಾರ ಕೊಂಡಿಗೆ ಸುತ್ತಿಕೊಂಡು ಯಾವುದು ಕೊಂಡಿ ಯಾವುದು ದಾರ ಅಂತ ತಿಳಿಯುವುದಿಲ್ಲ. ಎರಡು ಸಾಲಿನ ಪಟ್ಟೆಗಾದರೆ ಒಯ್ಯಿರಿ, ಅದಕ್ಕಿಂತ ಅಗಲಕ್ಕೆ ಕತ್ತರಿಸಿ. ಬಾಲವನ್ನು ಮುಂದಿನ ಸಾಲಿನ ಮೊದಲ ಎಂಟು ಹತ್ತು ಸ್ಟಿಚ್‌ನ ಹಿಂದೆ, ಹೆಣೆಯುತ್ತಾ ಹೆಣೆಯುತ್ತಾ ಒಂದು ಬಿಟ್ಟು ಒಂದರಂತೆ ಸಿಕ್ಕಿಸಿಬಿಟ್ಟರೆ ಕೊನೆಗೆ ಸೂಜಿ ಕೆಲಸ ಅರ್ಧ ಉಳಿಯುತ್ತದೆ.

ಕಪ್ಪಿನ ಬಗ್ಗೆ ಎಚ್ಚರಿಕೆ: ಈ ಮಳೆಗಾಲದ ಮಬ್ಬಿನಲ್ಲಿ, ಕರೆಂಟ್ ಹೋದ ಸಂಜೆಯಲ್ಲಿ, ಕಪ್ಪು ಚೌಕದ ಅಂಚಲ್ಲಿ ಕೊಂಡಿ ಕಾಣುವುದಿಲ್ಲ. ಕಪ್ಪು ಚೌಕಗಳನ್ನು ಹಗಲಿಗೆ ಇಟ್ಟುಕೊಳ್ಳಿ, ಹಳದಿ ರಾತ್ರಿಗೆ. ಮಡಿಲ ಮೇಲೆ ಬಿಳಿ ಪಂಚೆ ಹಾಸಿಕೊಂಡರೆ ಕಪ್ಪಿನ ಕುಣಿಕೆಗಳ ನಡುವಿನ ಸಂದಿ ಬೆಳ್ಳಗೆ ಕಂಡು ಎಣಿಸಲು ಬರುತ್ತದೆ.

ಗೋಣಿಕೊಪ್ಪ_ಬುಟ್ಟಿ
ಕೆಂಪು ಉಣ್ಣೆ ಬಣ್ಣ ಬಿಡುತ್ತದೋ ಇಲ್ಲವೋ ಮೊದಲೇ ನೋಡಿ. ಒಂದು ಗೇಣು ದಾರ ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ ರಾತ್ರಿಯಿಡೀ ಬಿಡಿ. 63 ಚೌಕ ಮುಗಿದ ಮೇಲೆ ಹಳದಿ ಗುಲಾಬಿ ಆದರೆ ಮಾಡುವುದೇನೂ ಉಳಿಯುವುದಿಲ್ಲ.

ಮಳೆನಾಡ_ಮಫ್ಲರ್
ಇನ್ನೊಂದು ಸಂಶಯ. ಎಲ್ಲ ಓರೆಗೆರೆಗಳೂ ಮೇಲಕ್ಕೆ ಹೋಗುತ್ತವೆ ಸರಿ. ಕುತ್ತಿಗೆಗೆ ಹಾಕಿದಾಗ ಒಂದು ತುದಿ ನೇರ, ಇನ್ನೊಂದು ತುದಿ ತಲೆಕೆಳಗು ಕಾಣುವುದಿಲ್ಲವೇ?

ಕಾಫಿಹೂ
ಕಾಣುತ್ತದೆ. ಬೇಡವಾದರೆ ನಡುವಿನಿಂದ ಶುರುಮಾಡಬೇಕು. ಕತ್ತಿನ ಹಿಂಬದಿಗೆ ಬರುವ ಅಡ್ಡಸಾಲನ್ನು ಮೊದಲನೆಯದೆಂದು ಇಟ್ಟುಕೊಂಡು 11 ಸಾಲು ಮೇಲಕ್ಕೆ ಹೆಣೆಯಿರಿ. ಆಮೇಲೆ ಇಡೀ ಪಟ್ಟಿಯನ್ನು ತಲೆಕೆಳಗು ಹಿಡಿದು, ಮೊದಲ ಸಾಲಿನ ಹಾಕಿಕೊಂಡ ಅಂಚಿನಿಂದ ಸ್ಟಿಚ್‌ಗೆ ಒಂದರಂತೆ 15 ಎತ್ತಿ ಅದೇ ಕ್ರಮದಲ್ಲಿ 10 ಸಾಲು. ಹಾಕಿಕೊಂಡ ಅಂಚಿನಲ್ಲಿ ಕೊಂಡಿ ಇಲ್ಲ, ಕುಣಿಕೆಯ ಎರಡೂ ಎಳೆ ಹಿಡಿಯಬೇಕು. ಹೀಗೆ ಎರಡೂ ತುದಿಯ ಓರೆಗೆರೆ ಕೆಳಮುಖವಾಗಿ ಎದೆಯ ಮೇಲೆ ಬೀಳುತ್ತವೆ. ಎರಡು ತುದಿಯೂ ಕೊಂಡಿ ಅಂಚೇ ಆಗುವುದು ಇದರ ಇನ್ನೊಂದು ಲಾಭ. ಒಂದೇ ದಿಕ್ಕಿಗೆ ಹೆಣೆದರೆ ಒಂದು ತುದಿ ಹಾಕಿಕೊಂಡ ಅಂಚು, ಇನ್ನೊಂದು ಕೊಂಡಿ, ಕಣ್ಣಿಗೆ ಹೊಂದುವುದಿಲ್ಲ.

ಈಗಾಗಲೇ ಎಷ್ಟು ಚೌಕ ಆಗಿದೆಯೋ ಅಷ್ಟನ್ನು ಬಿಚ್ಚಬೇಕಿಲ್ಲ, ಅದನ್ನೇ ಮೇಲಿನ ಅರ್ಧ ಅಂದುಕೊಳ್ಳಿ.

ಸೋಮವಾರಪೇಟೆ_ಕಡ್ಡಿ
ಎಡ ಕಂಬದಲ್ಲಿ ಆರು, ಎರಡನೆಯದರಲ್ಲಿ ಮೂರು. ಒಂಬತ್ತು. ಹಾಗಾದರೆ ನಡುವಿನಿಂದಲೇ ಹೋಗುತ್ತೇನೆ. ಮೊದಲ ಚೌಕ ಒಂದನ್ನು ಬಿಟ್ಟು ಉಳಿದವು ಅಷ್ಟೇನೂ ಉಬ್ಬಿಲ್ಲ, ತೊಳೆದು ಒಣಗಿಸಿದರೆ ಸರಿಹೋಗುತ್ತದಾ?

ಗೋಣಿಕೊಪ್ಪ_ಬುಟ್ಟಿ
ಉಣ್ಣೆ ಆದ್ದರಿಂದ ಸ್ವಲ್ಪ ಸರಿಹೋಗುತ್ತದೆ, ಪೂರ್ತಿ ಅಲ್ಲ. ತಣ್ಣೀರಲ್ಲಿ 20 ನಿಮಿಷ ಬಿಟ್ಟು, ಹಿಂಡದೆ ಟವೆಲ್‌ನಲ್ಲಿ ಸುರುಳಿ ಸುತ್ತಿ ಮೇಲೆ ನಿಂತು ಒತ್ತಿ. ಚಾಪೆಯ ಮೇಲೆ ಹರಡಿ ಚೌಕದ ಮೂಲೆ ಮೂಲೆಗೆ ತುಕ್ಕು ಹಿಡಿಯದ ಪಿನ್ನು, ಅಂಚಿನ ಉದ್ದಕ್ಕೆ ಒಂದು ಮೂಲೆಯಿಂದ ಪಕ್ಕದ ಮೂಲೆಗೆ 7.2 ಸೆಂ.ಮೀ. ಅಳತೆ. ತುಕ್ಕು ಹಿಡಿಯುವ ಪಿನ್ನು ಈ ತೇವಕ್ಕೆ ಒಂದೇ ರಾತ್ರಿಯಲ್ಲಿ ಕಂದು ಚುಕ್ಕೆ ಬಿಡುತ್ತದೆ.

ಒಣಗಿಸುವುದೇ ಇಲ್ಲಿ ದೊಡ್ಡ ಕೆಲಸ. ಜುಲೈ ಆಗಸ್ಟ್‌ನಲ್ಲಿ ಫ್ಯಾನ್ ಕೆಳಗೆ ಇಟ್ಟರೂ ಗಾರ್ಟರ್ ಸ್ಕಾರ್ಫ್‌ಗೆ ಎರಡು ಮೂರು ದಿನ ಬೇಕು. ಒಲೆಯ ಮೇಲಿನ ಅಟ್ಟದಲ್ಲಿ ಹಾಕಿದರೆ ಬೇಗ ಒಣಗುತ್ತದೆ ನಿಜ, ಹೊಗೆ ವಾಸನೆ ಮುಂದಿನ ಮಳೆಗಾಲದವರೆಗೆ ಹೋಗುವುದಿಲ್ಲ. ಅಗ್ಗಿಷ್ಟಿಕೆಯ ಮೇಲೆ ಬುಟ್ಟಿ ಕವುಚಿ ಒಣಗಿಸುವುದಾದರೆ ಉಣ್ಣೆಗೆ ಮಾತ್ರ, ಅಕ್ರಿಲಿಕ್ ಅಂತೂ ಬಿಸಿಗೆ ಕರಗಿ ಅಂಟಾಗುತ್ತದೆ. ಈಗ ತೊಳೆಯುವ ಗೋಜಿಗೇ ಹೋಗಬೇಡಿ. ಪೂರ್ತಿ ಹೆಣೆದು, ಮಳೆ ನಿಂತ ಮೇಲೆ ಒಂದೇ ಸಲ ತೊಳೆದು ನೆರಳಲ್ಲಿ ಒಣಗಿಸಿ. ಕಾಫಿ ಕಣದ ಮೇಲೆ ನೇರ ಬಿಸಿಲಿಗೆ ಹರಡಿದರೆ ಕೆಂಪು ಮಾಸುತ್ತದೆ.

ಮೊದಲ ಚೌಕದ ಬಿಗಿ ಮಾತ್ರ ನೀರಿಗೆ ಬಗ್ಗುವುದಿಲ್ಲ. ಆದರೆ ನೀವು ನಡುವಿನಿಂದ ಹೋಗುವುದಾದರೆ ಆ ಬಿಗಿ ಅಂಚು ಕತ್ತಿನ ಹಿಂದೆ ಬರುತ್ತದೆ, ಅಲ್ಲಿಂದ ಎತ್ತುವಾಗ ಕಡ್ಡಿ ತೂರುವುದೇ ಕಷ್ಟ. ಆ ಒಂದು ಚೌಕದ ಕೆಳ ಅಂಚಿನಿಂದ ಎತ್ತಲು ಕ್ರೋಶಾ ಕಡ್ಡಿ ಬಳಸಿ.

ಸೋಮವಾರಪೇಟೆ_ಕಡ್ಡಿ
ಸರಿ. ಕೊನೇ ಪ್ರಶ್ನೆ: ಸುತ್ತ ಅಂಚುಪಟ್ಟಿ ಬೇಕೇ ಬೇಕಾ?

ಎಂಟುನಂಬರ್
ಬೇಕಿಲ್ಲ. ಗಾರ್ಟರ್ ಅಂಚು ಸುರುಳಿ ಸುತ್ತುವುದಿಲ್ಲ. ಹೊರ ಅಂಚು ಅಲೆಯಾಗಿ ಕಂಡರೆ ಮಾತ್ರ ಹಾಕಿ, ಆಗಲೂ ಎರಡು ತುದಿಗೆ ಸಾಕು: ಚೌಕಕ್ಕೆ 15ರಂತೆ 45 ಎತ್ತಿ, ಮೂರು ಉಬ್ಬುಗೆರೆ ಬರುವ ತನಕ ನಿಟ್ ಹಾಕಿ, 7 ನಂಬರ್ ಕಡ್ಡಿಯಲ್ಲಿ ಸಡಿಲವಾಗಿ ಮುಚ್ಚಿ. ಉದ್ದ ಅಂಚಿಗೆ ಹೋದರೆ ಒಂದು ಕಡೆಗೇ 315 ಸ್ಟಿಚ್, ಮೂಲೆಯಲ್ಲಿ ಹೆಚ್ಚಿಸುವ ಲೆಕ್ಕ ಬೇರೆ. ಹುತ್ತರಿಗೆ ಮುಗಿಯುವುದಿಲ್ಲ.

ಕಾಫಿಹೂ
ಮುಗಿದ ಮೇಲೆ ಪೆಟ್ಟಿಗೆಯಲ್ಲಿ ಇಡುವಾಗ ಒಣ ಬೇವಿನೆಲೆಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಇಡಿ. ಹಸಿ ಎಲೆ ಇಡಬೇಡಿ, ಅದರ ತೇವಕ್ಕೇ ಬೂಷ್ಟು ಬರುತ್ತದೆ.

ಸೋಮವಾರಪೇಟೆ_ಕಡ್ಡಿ
ಈಗಷ್ಟೇ ಹತ್ತನೇ ಚೌಕ ಎತ್ತಿದೆ. ನಡುವಿನದನ್ನು ಗಂಟಿನ ಬುಡದಿಂದ, ಬಲ ಅಂಚಿಗೆ ಮೂಲೆಯಿಂದ ಒಂದು ಸೇರಿಸಿ. 31 ಸರಿಯಾಗಿ ಬಂತು, ತೂತು ಇಲ್ಲ.